ಫೋಟೋದಲ್ಲಿ ತೇಲುವ ಬೆಳಕಿನ ಉಂಡೆಗಳು: ದೆವ್ವವೇ, ಧೂಳೇ?

ಪಾಳುಬಿದ್ದ ಮನೆ, ಹಳೆಯ ಕೋಟೆ, ಸ್ಮಶಾನದ ದಾರಿ ಮುಂತಾದ ಕಡೆ ರಾತ್ರಿ ತೆಗೆದ ಫೋಟೋಗಳಲ್ಲಿ ಬಿಳಿಯ ಅರೆಪಾರದರ್ಶಕ ಉಂಡೆಗಳು ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುವುದುಂಟು. ಫೋಟೋ ತೆಗೆಯುವ ಹೊತ್ತಿನಲ್ಲಿ ಅಲ್ಲಿದ್ದ ಯಾರ ಕಣ್ಣಿಗೂ ಏನೂ ಬಿದ್ದಿರುವುದಿಲ್ಲ. ಪ್ರೇತಗಳನ್ನು ಹುಡುಕುವ ತಂಡಗಳು ಇವನ್ನು 'ಆರ್ಬ್' ಎಂದು ಕರೆಯುತ್ತವೆ. ಸತ್ತವರ ಆತ್ಮ ಕಾಣಿಸಿಕೊಳ್ಳುವ ಮೊದಲ ರೂಪ ಇದು ಎಂಬುದು ಅವರಲ್ಲಿ ಹಲವರ ನಂಬಿಕೆ. ಬ್ರಿಟನ್ನಿನಲ್ಲಿ 2002ರಲ್ಲಿ ಆರಂಭವಾದ 'ಮೋಸ್ಟ್ ಹಾಂಟೆಡ್', ಅಮೆರಿಕದಲ್ಲಿ 2004ರಲ್ಲಿ ಬಂದ 'ಘೋಸ್ಟ್ ಹಂಟರ್ಸ್' ಮುಂತಾದ ಟಿವಿ ಕಾರ್ಯಕ್ರಮಗಳು ಈ ಮಾತನ್ನು ಮನೆಮನೆಗೆ ತಲುಪಿಸಿದವು. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇತ್ತೀಚೆಗೆ ತೀರಿಕೊಂಡ ಹಿರಿಯರ ಕೋಣೆಯ ಫೋಟೋದಲ್ಲಿ ಇಂಥದೊಂದು ಉಂಡೆ ಕಂಡರೆ ಸಾಕು, ಮನೆಯವರ ನಿದ್ದೆ ಕೆಡುತ್ತದೆ. ಮಂತ್ರವಾದಿ, ತಾಯತ, ಶಾಂತಿ ಎಂದು ಖರ್ಚು ಶುರುವಾಗುತ್ತದೆ. ಮನೆ ಮಾರಲು ಹೊರಟವರೂ ಇದ್ದಾರೆ.

ಮೊದಲು ಗಮನಿಸಬೇಕಾದದ್ದು ಈ ಉಂಡೆಗಳು ಕಾಣತೊಡಗಿದ ಕಾಲವನ್ನು. ಪ್ರೇತದ ಫೋಟೋಗಳಿಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1860ರ ದಶಕದಲ್ಲಿ ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಮ್ಲರ್ ಎಂಬಾತ, ಗಿರಾಕಿಗಳ ಹಿಂದೆ ಅವರ ಸತ್ತ ಬಂಧುಗಳ ಮಸುಕು ಆಕೃತಿ ನಿಂತಂತೆ ಕಾಣುವ ಫೋಟೋಗಳನ್ನು ಮಾರುತ್ತಿದ್ದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಆರೋಪದ ವಿಚಾರಣೆ ನಡೆಯಿತು. ಸಾಕ್ಷ್ಯ ಸಾಲದೆ ಬಿಡುಗಡೆಯಾದ. ಆ ಕಾಲದ ಪ್ರೇತಗಳಿಗೆ ಮುಖ, ಕೈ, ಬಟ್ಟೆ ಎಲ್ಲವೂ ಇದ್ದವು. ಉಂಡೆಗಳ ಸುಗ್ಗಿ ಶುರುವಾದದ್ದು 1990ರ ದಶಕದ ಕೊನೆಯಲ್ಲಿ, ಅಂಗೈಯಗಲದ ಡಿಜಿಟಲ್ ಕ್ಯಾಮೆರಾಗಳು ಪೇಟೆಗೆ ಬಂದ ಮೇಲೆ. ಪ್ರೇತಗಳು ರೂಪ ಬದಲಿಸಿದವೋ, ಕ್ಯಾಮೆರಾ ಬದಲಾಯಿತೋ?

ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಫ್ಲಾಶ್ ಲೆನ್ಸಿನಿಂದ ಗೇಣುದ್ದ ಮೇಲೆ ಇರುತ್ತಿತ್ತು. ಸಣ್ಣ ಕ್ಯಾಮೆರಾದಲ್ಲಿ, ಈಗಿನ ಮೊಬೈಲಿನಲ್ಲಿ, ಅದು ಲೆನ್ಸಿಗೆ ಅಂಟಿಕೊಂಡಂತೆ ಒಂದೆರಡು ಬೆರಳಿನ ದೂರದಲ್ಲಿದೆ. ಹೀಗಾಗಿ ಲೆನ್ಸಿನ ಮುಂದೆ ಕೆಲವೇ ಸೆಂಟಿಮೀಟರ್ ದೂರದ ಗಾಳಿಯ ಮೇಲೂ ಫ್ಲಾಶಿನ ಪೂರ್ತಿ ಬೆಳಕು ಬೀಳುತ್ತದೆ. ಬೆಳಕಿನ ತೀಕ್ಷ್ಣತೆ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಐದು ಸೆಂಟಿಮೀಟರ್ ದೂರದ ಧೂಳಿನ ಕಣಕ್ಕೂ ಮೂರು ಮೀಟರ್ ದೂರದ ಗೋಡೆಗೂ ದೂರದಲ್ಲಿ 60 ಪಟ್ಟು ವ್ಯತ್ಯಾಸ. ಎಂದರೆ ಕಣದ ಮೇಲೆ ಬೀಳುವ ಬೆಳಕು ಗೋಡೆಯ ಮೇಲೆ ಬೀಳುವುದಕ್ಕಿಂತ 3,600 ಪಟ್ಟು ತೀಕ್ಷ್ಣ. ಕಣ್ಣಿಗೆ ಕಾಣದ ಕಣವೂ ಆ ಕ್ಷಣ ಥಳಥಳಿಸಿ, ಬಂದ ದಾರಿಯಲ್ಲೇ ಬೆಳಕನ್ನು ಲೆನ್ಸಿಗೆ ಹಿಂದಿರುಗಿಸುತ್ತದೆ.

ಕ್ಯಾಮೆರಾ ಫೋಕಸ್ ಆಗಿರುವುದು ದೂರದ ಗೋಡೆಗೆ, ಕಣ ಇರುವುದು ಮೂಗಿನ ಮುಂದೆ. ಫೋಕಸ್ ತಪ್ಪಿದ ಬೆಳಕಿನ ಚುಕ್ಕೆ ಚುಕ್ಕೆಯಾಗಿ ಉಳಿಯುವುದಿಲ್ಲ, ಬಿಲ್ಲೆಯಾಗಿ ಅರಳುತ್ತದೆ. ಬಿಲ್ಲೆಯ ಆಕಾರ ಲೆನ್ಸಿನ ಒಳಗಿನ ಕಿಂಡಿಯದು. ಕಿಂಡಿ ಆರು ಮೂಲೆಯದಾದರೆ ಉಂಡೆಗೂ ಆರು ಮೂಲೆ. ಷಟ್ಕೋನದ ಆತ್ಮವನ್ನು ವಿವರಿಸುವುದು ಪ್ರೇತವಾದಿಗಳಿಗೂ ಕಷ್ಟ. ದೊಡ್ಡ ಕ್ಯಾಮೆರಾದಲ್ಲಿ ಇದೇ ಬಿಲ್ಲೆ ವಿಪರೀತ ಹರಡಿ ಮಾಯವಾಗುತ್ತದೆ. ಸಣ್ಣ ಲೆನ್ಸಿನಲ್ಲಿ ಅದು ಕಾಣುವಷ್ಟು ಚಿಕ್ಕದಾಗಿ, ಗುಂಡಗೆ ಉಳಿಯುತ್ತದೆ. ಸಮುದ್ರದಾಳದಲ್ಲಿ ಫೋಟೋ ತೆಗೆಯುವವರಿಗೆ ಈ ತೊಂದರೆ ಬಹಳ ಹಿಂದಿನಿಂದ ಗೊತ್ತು. ನೀರಿನ ಕಸರಿನಿಂದ ಫೋಟೋ ತುಂಬ ಚುಕ್ಕೆ ಬೀಳಬಾರದೆಂದು ಅವರು ಫ್ಲಾಶನ್ನು ಉದ್ದನೆಯ ಕೋಲಿಗೆ ಸಿಕ್ಕಿಸಿ ಲೆನ್ಸಿನಿಂದ ದೂರ ಇಡುತ್ತಾರೆ.

ಹಾಗಿದ್ದರೆ ಉಂಡೆಗಳು ದೆವ್ವದ ಮನೆಯಲ್ಲೇ ಏಕೆ ಹೆಚ್ಚು? ವರ್ಷಗಟ್ಟಲೆ ಗುಡಿಸದ ಮನೆಗೆ ಐದಾರು ಜನ ನುಗ್ಗಿ ಓಡಾಡಿದರೆ ಏಳುವುದು ಧೂಳು. ಗೋಡೆಯ ಸುಣ್ಣ ಉದುರುತ್ತಿರುತ್ತದೆ, ಮಳೆಗಾಲದಲ್ಲಿ ಗಾಳಿಯಲ್ಲಿ ಪಸೆಯಿರುತ್ತದೆ, ಚಳಿಯ ರಾತ್ರಿ ಫೋಟೋ ತೆಗೆಯುವವರ ಉಸಿರೇ ಆವಿಯಾಗಿ ಲೆನ್ಸಿನ ಮುಂದೆ ನಿಲ್ಲುತ್ತದೆ. ದೀಪ ಆರಿಸಿರುವುದರಿಂದ ಫ್ಲಾಶ್ ಅನಿವಾರ್ಯ. ಹಿನ್ನೆಲೆ ಕಪ್ಪಾಗಿರುವುದರಿಂದ ಮಂಕು ಬಿಲ್ಲೆಯೂ ಎದ್ದು ಕಾಣುತ್ತದೆ. ಒಂದೇ ರಾತ್ರಿಯಲ್ಲಿ ನೂರಾರು ಫೋಟೋ ತೆಗೆದು ಉಂಡೆ ಬಂದವನ್ನು ಮಾತ್ರ ಹಂಚಿದರೆ, ನೋಡಿದವರಿಗೆ ಆ ಮನೆಯ ತುಂಬ ಪ್ರೇತಗಳೇ ಇವೆ ಎನಿಸುತ್ತದೆ. ಉಂಡೆಯೊಳಗೆ ಮುಖ ಕಾಣುತ್ತದೆ ಎನ್ನುವವರಿಗೆ ಉತ್ತರ ಹಳೆಯದೇ: ಮೋಡದಲ್ಲಿ ಆನೆಯನ್ನೂ ಗೋಡೆಯ ಕಲೆಯಲ್ಲಿ ಮುದುಕನನ್ನೂ ಕಾಣುವುದು ಮನುಷ್ಯನ ಕಣ್ಣಿನ ಸ್ವಭಾವ. ಕಣದ ಅಂಚುಗಳಿಂದಾಗಿ ಬಿಲ್ಲೆಯಲ್ಲಿ ಮೂಡುವ ಕಲೆಗಳು ಅದಕ್ಕೆ ಸಾಕಷ್ಟಾಗುತ್ತವೆ.

ಪ್ರೇತಾನ್ವೇಷಕರಲ್ಲೇ ಕೆಲವರು ಇದನ್ನು ಶ್ರದ್ಧೆಯಿಂದ ಪರೀಕ್ಷಿಸಿದ್ದಾರೆ ಎಂಬುದು ಮೆಚ್ಚಬೇಕಾದ ಮಾತು. ಫ್ಯೂಜಿಫಿಲ್ಮ್ ಕಂಪನಿ 2009ರಲ್ಲಿ ಎರಡು ಲೆನ್ಸುಗಳ 3ಡಿ ಕ್ಯಾಮೆರಾ ಒಂದನ್ನು ತಂದಿತು. ಲೆನ್ಸುಗಳ ನಡುವೆ ಸುಮಾರು ಏಳೂವರೆ ಸೆಂಟಿಮೀಟರ್ ಅಂತರ. ಎರಡೂ ಒಂದೇ ಕ್ಷಣದಲ್ಲಿ ಒಂದೇ ದೃಶ್ಯವನ್ನು ಹಿಡಿಯುತ್ತವೆ. ಕೋಣೆಯ ನಡುವೆ ನಿಜವಾಗಿ ಉಂಡೆ ಇದ್ದರೆ ಎರಡರಲ್ಲೂ ಕಾಣಬೇಕು. ಬ್ರಿಟನ್ನಿನ ಅನ್ವೇಷಕರು ಈ ಕ್ಯಾಮೆರಾದಿಂದ ತೆಗೆದ ಜೋಡಿಗಳಲ್ಲಿ ಉಂಡೆ ಒಂದು ಲೆನ್ಸಿನ ಚಿತ್ರದಲ್ಲಿ ಇದ್ದು ಇನ್ನೊಂದರಲ್ಲಿ ಇರಲಿಲ್ಲ. ಅದು ಇದ್ದದ್ದು ಕೋಣೆಯಲ್ಲಲ್ಲ, ಒಂದು ಲೆನ್ಸಿನ ಮೂತಿಯ ಮುಂದೆ.

ಇಂಥ ಕ್ಯಾಮೆರಾ ಇಲ್ಲದಿದ್ದರೂ ಪರೀಕ್ಷೆ ಮಾಡಬಹುದು. ರಾತ್ರಿ ಕೋಣೆಯ ದೀಪ ಆರಿಸಿ, ಹಳೆಯ ಗೋಣಿಚೀಲವನ್ನೋ ಕಂಬಳಿಯನ್ನೋ ಒಮ್ಮೆ ಕೊಡವಿ, ಫ್ಲಾಶ್ ಹಾಕಿ ಫೋಟೋ ತೆಗೆಯಿರಿ. ಉಂಡೆಗಳು ಬರುತ್ತವೆ. ಈಗ ಫ್ಲಾಶ್ ಆರಿಸಿ, ಇನ್ನೊಬ್ಬರ ಕೈಗೆ ಟಾರ್ಚ್ ಕೊಟ್ಟು ಕೋಣೆಯ ಬದಿಯಿಂದ ಗೋಡೆಗೆ ಬೆಳಕು ಹಿಡಿಯಲು ಹೇಳಿ ಮತ್ತೆ ತೆಗೆಯಿರಿ. ಲೆನ್ಸಿನ ಮುಂದಿನ ಗಾಳಿಗೆ ಬೆಳಕು ಬೀಳದಿದ್ದರೆ ಉಂಡೆಗಳೂ ಇಲ್ಲ. ಮಕ್ಕಳ ಕೈಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಭಯ ಹೋಗಿ ಆಟವಾಗುತ್ತದೆ.

ವಿಡಿಯೋದಲ್ಲಿ ಉಂಡೆ ಚಲಿಸುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಸಿಸಿಟಿವಿ ಕ್ಯಾಮೆರಾದ ಲೆನ್ಸಿನ ಸುತ್ತ, ರಾತ್ರಿ ಕಾಣಲೆಂದು, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಪುಟ್ಟ ದೀಪಗಳಿರುತ್ತವೆ. ಹುಳುಗಳು ಅದರ ಮುಂದೆ ಹಾದರೆ ಬಿಳಿಯ ಉಂಡೆಯೊಂದು ಅಂಗಳದಲ್ಲಿ ಸುಳಿದಂತೆ ಕಾಣುತ್ತದೆ. ಜೇಡದ ಎಳೆಯೊಂದು ಗಾಳಿಗೆ ತೂಗಿದರಂತೂ ಬಿಳಿ ಸೀರೆಯ ಹೆಂಗಸೇ ಸಿದ್ಧ. ಮೊಬೈಲಿನ ಇನ್ನೊಂದು ಚೇಷ್ಟೆಯನ್ನೂ ತಿಳಿದಿರಬೇಕು. ಬೀದಿದೀಪವೋ ಚಂದ್ರನೋ ಇರುವ ಫೋಟೋದಲ್ಲಿ ಹಸಿರು ಚುಕ್ಕೆ ಬಂದರೆ, ದೀಪದಿಂದ ಚಿತ್ರದ ಮಧ್ಯಬಿಂದುವಿನ ಮೂಲಕ ಗೆರೆ ಎಳೆದು ನೋಡಿ. ಚುಕ್ಕೆ ಸಾಮಾನ್ಯವಾಗಿ ಆ ಗೆರೆಯ ಮೇಲೆ, ಎದುರು ಬದಿಯಲ್ಲಿ ಇರುತ್ತದೆ. ಅದು ಲೆನ್ಸಿನೊಳಗೆ ಪುಟಿದ ದೀಪದ ಬಿಂಬ.

ಇದೇ ಉಂಡೆ ಪಾಳುಮನೆಯಲ್ಲಿ ಬಂದರೆ ಪಿಶಾಚಿ, ಬಸದಿಯಲ್ಲಿ ಬಂದರೆ ಅತಿಶಯ ಎನಿಸಿಕೊಳ್ಳುವುದು ವಿಚಿತ್ರ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಅಕ್ಕಿಹಿಟ್ಟು, ಅರಿಶಿನ, ಚಂದನಗಳ ಪುಡಿ ಮತ್ತು ತುಂತುರು ಗಾಳಿಯನ್ನೇ ತುಂಬುತ್ತವೆ. ಅಂಥಲ್ಲಿ ಮಬ್ಬುಗತ್ತಲಲ್ಲಿ ಫ್ಲಾಶ್ ಹಾಕಿದರೆ ಉಂಡೆ ಬರದಿದ್ದರೇ ಆಶ್ಚರ್ಯ. ಭೂತ, ಪಿಶಾಚ ಎಂಬ ಹೆಸರುಗಳು ಶಾಸ್ತ್ರದಲ್ಲಿ ಇಲ್ಲವೆಂದಲ್ಲ. ತತ್ತ್ವಾರ್ಥಸೂತ್ರದ ನಾಲ್ಕನೇ ಅಧ್ಯಾಯ ವ್ಯಂತರರ ಎಂಟು ಬಗೆಗಳಲ್ಲಿ ಅವನ್ನೂ ಎಣಿಸುತ್ತದೆ. ಆದರೆ ಅವು ದೇವಗತಿಯ ಜೀವಗಳು, ಮನೆಯಲ್ಲಿ ಉಳಿದುಹೋದ ಅಜ್ಜನ ಆತ್ಮವಲ್ಲ. ದೇಹ ಬಿಟ್ಟ ಜೀವ ವಿಗ್ರಹಗತಿಯಲ್ಲಿ ಕೆಲವೇ ಸಮಯಗಳೊಳಗೆ ಮುಂದಿನ ಜನ್ಮ ಸೇರುತ್ತದೆ, 'ಸಮಯ'ವಾದರೋ ಕಾಲದ ಅತಿ ಸೂಕ್ಷ್ಮ ಅಳತೆ. ಹಳೆಯ ಕೋಣೆಯಲ್ಲಿ ಉಂಡೆಯಾಗಿ ತೇಲುತ್ತಾ ಕಾಯಲು ಅದಕ್ಕೆ ಅವಕಾಶವೇ ಇಲ್ಲ. ಅದೇ ಗ್ರಂಥದ ಐದನೇ ಅಧ್ಯಾಯ ನೆರಳು, ಕತ್ತಲೆ, ಆತಪ, ಉದ್ಯೋತ ಇವನ್ನೆಲ್ಲ ಪುದ್ಗಲದ ಪರ್ಯಾಯಗಳೆಂದೇ ಹೇಳುತ್ತದೆ.

ಕ್ಯಾಮೆರಾಕ್ಕೆ ಮಾತ್ರ ಕಾಣುವ ಉಂಡೆಯನ್ನು ಬರಿಗಣ್ಣಿಗೆ ಕಾಣುವ ಬೆಳಕಿನೊಂದಿಗೆ ಬೆರೆಸಬಾರದು. ಕನ್ನಡ ನಾಡಿನ ಹಳ್ಳಿಗಳ ಕೊಳ್ಳಿದೆವ್ವ ಈ ಎರಡನೇ ಜಾತಿಯದು. ಅದರ ಹಿಂದೆ ದೊಂದಿ ಹಿಡಿದು ಗದ್ದೆಗೆ ನೀರು ಕಟ್ಟಲು ಹೊರಟವರು ಇರಬಹುದು, ಮಿಂಚುಹುಳು ಇರಬಹುದು, ಮಲೆನಾಡಿನ ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹೊಳೆಯುವ ಅಣಬೆ ಇರಬಹುದು. ಜೌಗುನೆಲದ ಅನಿಲ ಹೊತ್ತಿಕೊಳ್ಳುತ್ತದೆ ಎಂಬ ವಿವರಣೆಯೂ ಬಹುಕಾಲದಿಂದ ಇದೆ. ಅಮೆರಿಕದ ಉತ್ತರ ಕೆರೊಲಿನಾದ ಬ್ರೌನ್ ಮೌಂಟನ್ ಬೆಟ್ಟದ ದೀಪಗಳನ್ನು ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಜಾರ್ಜ್ ಮ್ಯಾನ್ಸ್‌ಫೀಲ್ಡ್ 1922ರಲ್ಲಿ ರಾತ್ರಿಗಟ್ಟಲೆ ಕಾದು ಅಳೆದರು. ಅವರ ಲೆಕ್ಕದಲ್ಲಿ ಹೆಚ್ಚಿನವು ದೂರದ ಕಾರುಗಳ ಮತ್ತು ರೈಲುಗಳ ದೀಪಗಳು. ಟೆಕ್ಸಾಸಿನ ಮಾರ್ಫಾ ದೀಪಗಳನ್ನು 2004ರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳು ಪರೀಕ್ಷಿಸಿದಾಗ ಅವರು ಕಂಡ ಬೆಳಕುಗಳು ಹೆದ್ದಾರಿಯ ವಾಹನಗಳೊಂದಿಗೆ ತಾಳೆಯಾದವು. ನಾರ್ವೆಯ ಹೆಸ್ಡಾಲೆನ್ ಕಣಿವೆಯ ಬೆಳಕು ಮಾತ್ರ ಇಷ್ಟು ಸುಲಭವಾಗಿ ಬಗ್ಗಿಲ್ಲ. 1980ರ ದಶಕದ ಆರಂಭದಲ್ಲಿ ಅದು ಪದೇಪದೇ ಕಾಣಿಸಿತು. 1998ರಿಂದ ಅಲ್ಲಿ ಸ್ವಯಂಚಾಲಿತ ವೀಕ್ಷಣಾ ಕೇಂದ್ರವಿದೆ, ಎಲ್ಲರೂ ಒಪ್ಪುವ ವಿವರಣೆ ಇನ್ನೂ ಸಿಕ್ಕಿಲ್ಲ. ಅಲ್ಲಿ ಕಾದು ಕುಳಿತಿರುವವರು ಮಂತ್ರವಾದಿಗಳಲ್ಲ, ಕ್ಯಾಮೆರಾ ಮತ್ತು ರೇಡಾರ್ ಹಿಡಿದ ಎಂಜಿನಿಯರುಗಳು.