ನಿಮಗಿದು ಗೊತ್ತೆ? ಬೇಜಾರು, ಖಯಾಲಿ, ಮೂಡ್ ಆಫ್

‘ಮೂಡ್ ಆಫ್’ನ ಎರಡೂ ಪದ ಇಂಗ್ಲಿಷಿನವೇ. ಆದರೂ ಅದು ಇಂಗ್ಲೆಂಡಿನವರ ಆಡುಮಾತಲ್ಲ, ಭಾರತದಲ್ಲಿ ಬೆಳೆದ ಬಳಕೆ. ‘ಫೀಲ್ ಆದ’ ಎಂಬುದೂ ಹಾಗೆಯೇ: ಇಂಗ್ಲಿಷಿನ ಫೀಲ್‌ಗೆ ಯಾವ ಭಾವನೆಯಾದರೂ ಸರಿ, ಕನ್ನಡಿಗರ ಬಾಯಲ್ಲಿ ಅದು ಬರೀ ನೋವು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಗೆ ಇಂಥ ಎರವಲು ಹೊಸದಲ್ಲ. ಬಿಜಾಪುರದ ಆದಿಲಶಾಹಿ, ಸವಣೂರ ನವಾಬರ ಆಡಳಿತ ಕಂಡ ಈ ಭಾಗದ ಮಾತಿನಲ್ಲಿ ಬೇಜಾರು, ನಾರಾಜು, ಖುಷಿ ಪಾರಸಿಯಿಂದ ಬಂದವು. ಹೈರಾಣ, ಖಯಾಲಿ, ಶೋಕಿ, ಫಿದಾ ಅರಬ್ಬಿ ಮೂಲದವು. ಬರುವ ದಾರಿಯಲ್ಲಿ ಅರ್ಥ ತಿರುಗಿದ್ದೇ ಸ್ವಾರಸ್ಯ. ಅರಬ್ಬಿಯಲ್ಲಿ ದಿಕ್ಕು ತೋಚದೆ ಬೆರಗಾದವನು ಹೈರಾಣ. ಇಲ್ಲಿ ದಣಿದು ಸುಸ್ತಾದವನು. ಅಲ್ಲಿ ಖಯಾಲ್ ಬರೀ ಕಲ್ಪನೆ. ಇಲ್ಲಿ ಖಯಾಲಿ ಎಂದರೆ ಬಿಡಲಾಗದ ಗೀಳು. ಸಂಗೀತದ ‘ನಾದ’ ಮರಾಠಿಯಲ್ಲಿರುವಂತೆ ಉತ್ತರ ಕರ್ನಾಟಕದಲ್ಲೂ ಚಟವಾಗಿದೆ: ‘ಅವಂಗ ಕುಸ್ತಿ ನಾದ ಹತ್ತೈತಿ.’

ದೀಪಾವಳಿಯ ಹೊತ್ತಿಗೆ ಅಗಡಿ, ಬ್ಯಾಡಗಿ ಸೀಮೆಯಲ್ಲಿ ಕೊಬ್ಬರಿ ಕಟ್ಟಿ ಹೋರಿ ಓಡಿಸುವ ‘ಕೊಬ್ಬರಿ ಹೋರಿ’ ಆಟ ನೋಡಲು ಮುಗಿಬೀಳುವವರಿಗೆ ಮಾತ್ರ ಅಚ್ಚಗನ್ನಡದ ‘ಹೋರಿ ಹುಚ್ಚು’ ಎನ್ನುವುದೇ ಸರಿ. ಈಚಿನ ಹುಡುಗರು ಅದನ್ನು ‘ಕ್ರೇಜ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೊದಲಿದ್ದ ಅರ್ಥ ಒಡೆಯುವುದು, ಬಿರುಕು ಬಿಡುವುದು.