ರೈತನ ಖಿನ್ನತೆ ಮತ್ತು ಆತಂಕ: ಗ್ರಾಮಮುಖ್ಯರು ಅರಿತಿರಬೇಕಾದ ಸಂಗತಿಗಳು

ಪೈರಿನ ಎಲೆ ಹಳದಿಯಾದರೆ ಅನುಭವಶಾಲಿಯಾದ ಬೇಸಾಯಗಾರನು ಪೈರನ್ನು ದೂಷಿಸುವುದಿಲ್ಲ. ನೀರು ನಿಂತಿದೆಯೋ, ಗೊಬ್ಬರ ಸಾಲದೋ, ಬೇರಿಗೆ ಹುಳು ಹತ್ತಿದೆಯೋ ಎಂದು ಪರೀಕ್ಷಿಸಿ ತಕ್ಕ ಉಪಾಯವನ್ನು ಮಾಡುತ್ತಾನೆ. ಆದರೆ ಕಷ್ಟಜೀವಿಯೆಂದು ಹೆಸರಾದ ರೈತನೊಬ್ಬನು ರಾಗಿಯ ಹೊಲಕ್ಕೆ ಕಾಲಕ್ಕೆ ಸರಿಯಾಗಿ ಕುಂಟೆ ಹಾಯಿಸದೆ, ದನಗಳ ಮೇವು ನೀರನ್ನೂ ನೋಡದೆ, ಜಗಲಿಯ ಮೂಲೆ ಹಿಡಿದು ಕುಳಿತರೆ, "ಸೋಮಾರಿಯಾದ" ಎಂದೋ "ಗ್ರಹಚಾರ ಕೆಟ್ಟಿದೆ" ಎಂದೋ ಹೇಳಿ ಸುಮ್ಮನಾಗುವುದು ರೂಢಿಯಾಗಿದೆ. ಅನೇಕ ಸಂದರ್ಭಗಳಲ್ಲಿ ಇದು ಖಿನ್ನತೆಯೆಂಬ ವ್ಯಾಧಿ. ಇದಕ್ಕೆ ಚಿಕಿತ್ಸೆಯುಂಟು, ಉಪೇಕ್ಷಿಸಿದರೆ ಪ್ರಾಣಹಾನಿಯೂ ಸಂಭವಿಸಬಹುದು. ಇದು ವೈದ್ಯರಿಗಿಂತ ಮೊದಲು ಊರಿನ ಯಜಮಾನರಿಗೂ ನೆರೆಹೊಲದವರಿಗೂ ಕಾಣುವುದರಿಂದ, ಈ ವಿಷಯವನ್ನು ಇಲ್ಲಿ ವಿವರಿಸಿದೆ.

ವ್ಯಾಧಿಯ ವ್ಯಾಪ್ತಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೨೦೧೫–೧೬ರಲ್ಲಿ ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಿಂದ, ವಯಸ್ಕರಲ್ಲಿ ಸುಮಾರು ೨೦ ಮಂದಿಗೆ ಒಬ್ಬರು ತಮ್ಮ ಜೀವಿತದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಗುರಿಯಾಗಿರುವರೆಂದು ತಿಳಿದುಬಂತು. ಇಂಥವರಲ್ಲಿ ಬಹುಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಈ ವ್ಯಾಧಿಯಿಲ್ಲದ ಗ್ರಾಮವು ವಿರಳವೆಂದೇ ಭಾವಿಸಬೇಕು.

ಲಕ್ಷಣಗಳು

ದುಃಖವೆಲ್ಲವೂ ರೋಗವಲ್ಲ. ಮಳೆ ಕೈಕೊಟ್ಟಾಗ, ಎತ್ತು ಸತ್ತಾಗ, ಮನೆಯಲ್ಲಿ ಸಾವಾದಾಗ ಮನುಷ್ಯನು ದುಃಖಿಸುವುದು ಸಹಜ. ಆದರೆ ಮನಸ್ಸಿನ ಕುಗ್ಗುವಿಕೆಯಾಗಲಿ, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದಾಗಲಿ ಎರಡು ವಾರಗಳಿಗೆ ಮೇಲ್ಪಟ್ಟು ಹೆಚ್ಚುಕಡಿಮೆ ಪ್ರತಿದಿನವೂ ಇದ್ದು, ನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಖಿನ್ನತೆಯೆಂದು ಶಂಕಿಸಬೇಕು. ಇದರೊಡನೆ ಬೆಳಗಿನ ಜಾವಕ್ಕೆ ಮುಂಚೆಯೇ ಎಚ್ಚರವಾಗುವುದು, ಊಟ ಸೇರದಿರುವುದು, ಬಳಲಿಕೆ, "ನನ್ನಿಂದಲೇ ಮನೆ ಹಾಳಾಯಿತು" ಎಂಬ ಕೊರಗು, ಬದುಕು ಸಾಕೆಂಬ ಮಾತು ಕಂಡುಬರುತ್ತವೆ. ನಮ್ಮ ರೈತರು ಮನಸ್ಸಿನ ಬೇನೆಯನ್ನು ಬಾಯಿಬಿಟ್ಟು ಹೇಳುವುದು ಕಡಮೆ. ತಲೆಭಾರ, ಎದೆಯುರಿ, ಮೈಕೈ ನೋವು, ನಿಶ್ಶಕ್ತಿ ಎಂದೇ ಹೇಳುತ್ತಾರೆ. ಬಾಣಂತಿಯರಲ್ಲಿಯೂ ಈ ವ್ಯಾಧಿಯುಂಟಾಗುವುದನ್ನು ಮರೆಯಬಾರದು.

ಆತಂಕರೋಗದಲ್ಲಿ ಸಣ್ಣಪುಟ್ಟ ಸಂಗತಿಗಳಿಗೂ ತಡೆಯಲಾರದ ಚಿಂತೆಯು ತಿಂಗಳುಗಟ್ಟಲೆ ಕಾಡುತ್ತದೆ. ಕೆಲವರಿಗೆ ಹಠಾತ್ತಾಗಿ ಎದೆ ಹೊಡೆದುಕೊಂಡು, ಬೆವರಿ, ಉಸಿರು ಕಟ್ಟಿದಂತಾಗಿ, ಪ್ರಾಣವೇ ಹೋಗುವುದೆಂಬ ಭೀತಿಯುಂಟಾಗುತ್ತದೆ. ಇದು ಕೆಲವು ನಿಮಿಷಗಳಲ್ಲಿ ಏರಿ ತಾನಾಗಿ ಇಳಿಯುತ್ತದೆ. ಆದರೂ ಹೃದ್ರೋಗವಿಲ್ಲವೆಂಬುದನ್ನು ವೈದ್ಯರಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಇನ್ನು ಕೆಲವರು ಕುಗ್ಗಿದ ಕಾಲ ಕಳೆದು, ನಿದ್ರೆಯಿಲ್ಲದೆಯೂ ಅತ್ಯುತ್ಸಾಹದಿಂದ ಮಿತಿಮೀರಿ ಮಾತನಾಡಿ, ಮನಬಂದಂತೆ ಹಣ ಚೆಲ್ಲುವುದುಂಟು. ಈ ಎರಡು ಸ್ಥಿತಿಗಳೂ ಒಂದೇ ವ್ಯಾಧಿಯ ಎರಡು ಮುಖಗಳಾಗಿರಬಹುದು. ಇದರ ಔಷಧಿಯು ಬೇರೆಯಾದುದರಿಂದ ವೈದ್ಯರಿಗೆ ಎರಡನ್ನೂ ತಿಳಿಸಬೇಕು.

ಕಾರಣಗಳು

ವಂಶದಲ್ಲಿ ಬಂದ ಒಲವು, ಸಾಲ, ಬೆಳೆನಷ್ಟ, ಅವಮಾನ, ಒಂಟಿತನ, ದೀರ್ಘಕಾಲದ ದೇಹರೋಗ ಮುಂತಾದ ಹಲವು ಕಾರಣಗಳು ಕೂಡಿ ಈ ವ್ಯಾಧಿಗಳುಂಟಾಗುತ್ತವೆ. ಮದ್ಯಪಾನದಿಂದ ಕ್ಷಣಕಾಲ ಮರೆವುಂಟಾದರೂ ವ್ಯಾಧಿಯು ಬಲಿಯುತ್ತದೆ. ಧೈರ್ಯವಂತರಿಗೂ ಶ್ರೀಮಂತರಿಗೂ ಇವು ಬರುವುದುಂಟು.

ಚಿಕಿತ್ಸೆ

ಈ ವ್ಯಾಧಿಗಳಿಗೆ ಪಟ್ಟಣದ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ತರಬೇತಿ ಹೊಂದಿದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಚಿಕಿತ್ಸೆ ಮಾಡಬಲ್ಲರೆಂಬುದನ್ನು ನಿಮ್ಹಾನ್ಸ್‌ನವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದರು. ದೇಶದಲ್ಲಿ ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಸೌಮ್ಯವಾದ ವ್ಯಾಧಿಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು; ಬಲಿತದ್ದಕ್ಕೆ ಔಷಧಿಯೂ ಬೇಕು. ಖಿನ್ನತೆಯ ಔಷಧಿಯು ಫಲ ತೋರಲು ಎರಡರಿಂದ ನಾಲ್ಕು ವಾರಗಳು ಹಿಡಿಯುತ್ತವೆ. ಬಿತ್ತಿದ ಮರುದಿನವೇ ಮೊಳಕೆಯಿಲ್ಲವೆಂದು ಹೊಲವನ್ನು ಯಾರೂ ಕೆದಕುವುದಿಲ್ಲವಷ್ಟೆ! ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಮೆಯಿಲ್ಲದೆ ಔಷಧಿಯನ್ನು ಮುಂದುವರಿಸಬೇಕಾಗುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸಕೂಡದು. ಅಂಗಡಿಯಿಂದ ತಾನಾಗಿಯೇ ನಿದ್ರೆಯ ಮಾತ್ರೆ ತಂದು ನುಂಗುವುದು ಅಪಾಯಕರ, ಅದು ಚಟವಾಗಬಹುದು. ದೇವರಿಗೆ ಹರಕೆ ಹೊರುವವರು ಹೊರಲಿ. ಔಷಧಿಯನ್ನು ಮಾತ್ರ ಬಿಡದಿರಲಿ.

ಗ್ರಾಮಮುಖ್ಯರೂ ಜಮೀನುದಾರರೂ ಮಾಡತಕ್ಕ ಕಾರ್ಯಗಳು

೧. ಮಂಕಾದ ರೈತನನ್ನು ಏಕಾಂತದಲ್ಲಿ ಮಾತನಾಡಿಸಿ. ಬುದ್ಧಿ ಹೇಳುವುದಕ್ಕೆ ಮೊದಲು ಅವನ ಮಾತನ್ನು ಪೂರ್ತಿಯಾಗಿ ಕೇಳಿ. "ಸಾಯಬೇಕೆಂಬ ಯೋಚನೆ ಬಂದದ್ದುಂಟೇ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಂಡವನಿಗೆ ಎದೆ ಹಗುರವಾಗುತ್ತದೆ. ಉಂಟೆಂದು ಹೇಳಿದವನನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

೨. ಕೀಟನಾಶಕಗಳನ್ನು ಮನೆಯೊಳಗೆ ಇಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಬೇರೊಬ್ಬರ ವಶದಲ್ಲಿಡಿಸಿ. ಸಾಯುವ ಹಟವು ಎಷ್ಟೋ ವೇಳೆ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷವು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕೆಯಲ್ಲಿ ಅತ್ಯುಗ್ರ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ್ದರಿಂದ, ೧೯೯೫ರಿಂದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣವು ಶೇಕಡಾ ೭೦ರಷ್ಟು ಇಳಿಯಿತು.

೩. ಸಾಲಗಾರನನ್ನು ಹತ್ತು ಜನರ ಎದುರಿಗೆ ಹೀಯಾಳಿಸಬೇಡಿ. ಬೆಳೆ ಹೋದ ವರ್ಷ ವಾಯಿದೆ ಮುಂದೂಡಿದರೆ ಹಣವು ತಡವಾಗಿಯಾದರೂ ಬಂದೀತು. ಹೋದ ಪ್ರಾಣವು ಬಾರದು.

೪. ಪೋಲೀಸರ ಭಯದಿಂದ ರೋಗಿಯನ್ನು ಬಚ್ಚಿಡಬೇಡಿ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನೋವೇದನೆಯಲ್ಲಿದ್ದನೆಂದೇ ಭಾವಿಸತಕ್ಕದ್ದು; ಅವನಿಗೆ ಆರೈಕೆಯನ್ನು ಒದಗಿಸುವುದು ಸರ್ಕಾರದ ಹೊಣೆ.

೫. ೨೦೨೨ನೆಯ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರದವರು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯಾದ ೧೪೪೧೬ನ್ನು ಪಂಚಾಯಿತಿ ಕಚೇರಿ, ಸಹಕಾರ ಸಂಘ, ಹಾಲಿನ ಡೈರಿಗಳ ಗೋಡೆಯ ಮೇಲೆ ಬರೆಸಿ. ಹಗಲಿರುಳು ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು.

ಗ್ರಾಮದ ಸಂಪತ್ತು ಭೂಮಿಯಲ್ಲಿರುವಷ್ಟೇ ಅದನ್ನು ಉಳುವವನ ಆರೋಗ್ಯದಲ್ಲಿಯೂ ಇದೆ. ಕುಂಟೆ ಕಾಣದ ಹೊಲವೊಂದು ಈ ಹಂಗಾಮಿನಲ್ಲಿ ಕಣ್ಣಿಗೆ ಬಿದ್ದರೆ, ಅದರ ಒಡೆಯನ ಮನೆಯವರೆಗೂ ಒಮ್ಮೆ ನಡೆದುಹೋಗಿ ವಿಚಾರಿಸಬೇಕೆಂದು ಯಜಮಾನರಲ್ಲಿ ಪ್ರಾರ್ಥನೆ.