ಅಣ್ಣಾಚಿಯ ಪುಸ್ತಕದಲ್ಲಿ ನನ್ನ ಲೆಕ್ಕ

2016ರ ಡಿಸೆಂಬರ್ 12, ಸೋಮವಾರ. ಕೆಲಸಕ್ಕೆ ಸೇರಿ ನಾನು ಚೆನ್ನೈಗೆ ಬಂದು ಐದೇ ತಿಂಗಳಾಗಿತ್ತು. ಮಡಿಪಾಕ್ಕಂನ ಒಂದು ಓಣಿಯಲ್ಲಿ, ಎರಡನೇ ಮಹಡಿಯ ರೂಮು. ಮಧ್ಯಾಹ್ನ ವರ್ದಾ ಚಂಡಮಾರುತ ದಡಕ್ಕೆ ಬಂತು. ಗಾಳಿಯ ವೇಗ ಗಂಟೆಗೆ 100 ಕಿ.ಮೀ. ದಾಟಿತ್ತು. ವರ್ದಾ ಅಂದ್ರೆ ಗುಲಾಬಿ ಅಂತೆ, ಪಾಕಿಸ್ತಾನ ಕೊಟ್ಟ ಹೆಸರು. ಆ ಗುಲಾಬಿ ನಮ್ಮ ಎದುರು ಮನೆಯ ಸಿಂಟೆಕ್ಸ್ ಟ್ಯಾಂಕನ್ನ ಎತ್ತಿ ಪಕ್ಕದ ಖಾಲಿ ಸೈಟಿಗೆ ಎಸೀತು!

ಸಂಜೆ ಗಾಳಿ ನಿಂತಾಗ ಕೆಳಗಿಳಿದೆ. ಕರೆಂಟಿಲ್ಲ, ಮೊಬೈಲಲ್ಲಿ ಸಿಗ್ನಲ್ ಇಲ್ಲ. ಓಣಿಯ ಬಾಯಿಗೆ ಅಡ್ಡಲಾಗಿ ದೊಡ್ಡದೊಂದು ಮಳೆಮರ ಬುಡಸಮೇತ ಮಲಗಿತ್ತು. ನಗರದ ತುಂಬ ಆ ದಿನ ಸಾವಿರಾರು ಮರ ಬಿದ್ದಿದ್ದವು. ಹಾಗಾಗಿ ಕಾರ್ಪೊರೇಷನ್‌ನವರು ನಮ್ಮ ಓಣಿಗೆ ಯಾವಾಗ ಬರ್ತಾರೆ ಅಂತ ಕೇಳೋದ್ರಲ್ಲಿ ಅರ್ಥವಿರಲಿಲ್ಲ.

ಕಷ್ಟ ಏನಂದ್ರೆ, ನಮ್ಮ ಕೆಳಗಿನ ಮನೆಯ ತಾತನಿಗೆ ಮರುದಿನ ಬೆಳಿಗ್ಗೆ ಡಯಾಲಿಸಿಸ್. ತಪ್ಪಿಸೋ ಹಾಗಿಲ್ಲ. ಅವರಿಗೆ ಹತ್ತು ಹೆಜ್ಜೆ ನಡೆದರೂ ಏದುಸಿರು. ಮರ ಹತ್ತಿ ದಾಟೋದಂತೂ ದೂರದ ಮಾತು. ಮಾಮಿ ಬಾಗಿಲಲ್ಲಿ ನಿಂತು ಯಾರಿಗೆ ಹೇಳೋದು ಅಂತ ಗೊತ್ತಾಗದೆ ನನಗೆ ಹೇಳಿದ್ರು. ನಾನು ಯಾರಿಗೆ ಹೇಳಲಿ?

ಆದರೆ ಆ ಓಣಿಗೆ ಇದು ಮೊದಲ ಪಾಠವಾಗಿರಲಿಲ್ಲ. ಹಿಂದಿನ ವರ್ಷವಷ್ಟೇ, 2015ರ ಡಿಸೆಂಬರಿನಲ್ಲಿ, ಪ್ರವಾಹ ನೋಡಿದ ಜನ. ಯಾರ ಮನೇಲಿ ಹಸುಗೂಸಿದೆ, ಯಾರಿಗೆ ಇನ್ಸುಲಿನ್ ಬೇಕು ಅಂತೆಲ್ಲ ಟೈಲರ್ ಅಣ್ಣನಿಗೆ ಬಾಯಿಪಾಠ. ಬೆಳಿಗ್ಗೆ ಐದೂವರೆಗೆಲ್ಲ ಹನ್ನೆರಡು ಜನ ಸೇರಿದ್ರು. ಎಲೆಕ್ಟ್ರಿಷಿಯನ್ ಒಬ್ಬರು ಮೊದಲು ಯಾರನ್ನೂ ಮರದ ಹತ್ತಿರಕ್ಕೇ ಬಿಡಲಿಲ್ಲ. ಕೊಂಬೆಗಳ ಅಡಿ ಕರೆಂಟಿನ ತಂತಿ ಸಿಕ್ಕಿಕೊಂಡಿತ್ತು, ಲೈನ್ ಆಫ್ ಆಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಗರಗಸ ಮುಟ್ಟಿದ್ದು. ಕೈಗರಗಸ ಎರಡು, ಮಚ್ಚು ನಾಲ್ಕು, ಬಾವಿಯ ಹಗ್ಗ ಒಂದು. ನನಗೆ ಗೊತ್ತಿದ್ದದ್ದು ಜಾವಾ ಮಾತ್ರ. ಹತ್ತು ನಿಮಿಷಕ್ಕೆ ಅಂಗೈ ಬೊಬ್ಬೆ ಎದ್ದು, ನನ್ನನ್ನ ಕೊಂಬೆ ಎಳೆಯೋ ಕೆಲಸಕ್ಕೆ ವರ್ಗ ಮಾಡಿದ್ರು. ಪೂರ್ತಿ ಮರ ತೆಗೆಯೋ ಹುಚ್ಚಿಗೆ ಯಾರೂ ಹೋಗಲಿಲ್ಲ. ಒಂದು ಆಟೋ ದಾಟುವಷ್ಟು ಜಾಗ, ಅಷ್ಟೇ ಗುರಿ. ಎಂಟೂ ಕಾಲಿಗೆ ಆಟೋ ಒಳಗೆ ಬಂತು. ತಾತ ಹತ್ತಿ ಕೂತು, ಕೊಂಬೆಗಳು ಎರಡೂ ಕಡೆ ಉಜ್ಜುತ್ತಿದ್ದರೂ ಕತ್ತೆತ್ತಿ ನಮ್ಮೆಲ್ಲರಿಗೂ ಕೈ ಮುಗಿದರು.

ಎಲ್ಲರೂ ದೇವತೆಗಳೇನಾಗಿರಲಿಲ್ಲ. ನೀರಿನ ಕ್ಯಾನಿನವನು ರೇಟು ಡಬಲ್ ಮಾಡಿದ. ಜನರೇಟರ್ ಇದ್ದ ಮನೆಯವರು ಫೋನ್ ಚಾರ್ಜಿಗೆ 20 ರೂಪಾಯಿ ಕೇಳಿ ಓಣಿಯವರ ಹತ್ತಿರ ಚೆನ್ನಾಗಿ ಬೈಸಿಕೊಂಡ್ರು. (ಡೀಸೆಲ್ ಪುಕ್ಕಟೆ ಬರುತ್ತಾ ಅನ್ನೋ ಅವರ ಪ್ರಶ್ನೆಯೂ ಈಗ ನ್ಯಾಯವಾಗೇ ಕಾಣುತ್ತೆ.)

ಇನ್ನು ದುಡ್ಡಿನ ಕಥೆ. ನೆನಪಿದೆಯಲ್ಲ, ನೋಟು ರದ್ದಾಗಿ ಒಂದು ತಿಂಗಳಾಗಿತ್ತು ಅಷ್ಟೇ. ಮೊದಲೇ ಎಟಿಎಂ ಮುಂದೆ ಕ್ಯೂ. ಈಗ ಕರೆಂಟಿಲ್ಲದೆ ಎಟಿಎಂ, ಸ್ವೈಪ್ ಮಷೀನು, ಮೊಬೈಲ್ ವ್ಯಾಲೆಟ್ಟು ಎಲ್ಲ ಒಟ್ಟಿಗೆ ಸತ್ತಿದ್ದವು. ನನ್ನ ಹತ್ತಿರ ಇದ್ದದ್ದು ಒಂದು ಗುಲಾಬಿ ಬಣ್ಣದ 2000ದ ನೋಟು. ಚಿಲ್ಲರೆ ಯಾರ ಹತ್ತಿರವೂ ಇಲ್ಲ. ಖಾತೆಯಲ್ಲಿ ಸಂಬಳ ಇಟ್ಕೊಂಡು ಎರಡು ಹೊತ್ತು ಬಿಸ್ಕತ್ತಿನಲ್ಲಿ ಕಳೆದೆ.

ಮೂಲೆಯ ಅಂಗಡಿಯ ಅಣ್ಣಾಚಿ ನನ್ನ ನೋಟು ನೋಡಿ ನಕ್ಕು, "ಒಳಗಿಡು ತಂಬಿ" ಅಂದ. ಬೆಲ್ಟು ಹಾಕಿದ ಹಳೇ ನೋಟ್‌ಬುಕ್ ತೆಗೆದು ಏನೋ ಬರೆದ. ಹೆಸರು ಕೇಳಲಿಲ್ಲ, ಫೋನ್ ನಂಬರೂ ಕೇಳಲಿಲ್ಲ. ಅಕ್ಕಿ, ಮೊಸರು, ಮೇಣದಬತ್ತಿ ಕೊಟ್ಟ. ಓಣಿಯ ಮುಕ್ಕಾಲು ಪಾಲು ಮನೆ ಆ ವಾರ ಅದೇ ಪುಸ್ತಕದ ಮೇಲೆ ಊಟ ಮಾಡ್ತು.

ಐದನೇ ದಿನ ಕರೆಂಟ್ ಬಂತು. ತಿಂಗಳ ಕೊನೆಗೆ ಸಾಲ ತೀರಿಸಲು ಹೋದೆ. 640 ರೂಪಾಯಿ. ತಮಿಳಿನಲ್ಲಿ ನನ್ನ ಹೆಸರಿನ ಜಾಗದಲ್ಲಿ ಏನು ಬರೆದಿದ್ದೀಯ ಅಂತ ಕೇಳಿದ್ದಕ್ಕೆ ಓದಿ ಹೇಳಿದ: "ಮೇಲ್ಮನೆ, ಕರ್ನಾಟಕ, ಕೊಂಬೆ ಎಳೆದ ಹುಡುಗ." ಲೆಕ್ಕದಲ್ಲಿ ನಾನು ಒಯ್ಯದ ಎರಡು ಪ್ಯಾಕೆಟ್ ಮೇಣದಬತ್ತಿ ಸೇರಿತ್ತು. ಮಾತಾಡದೆ ಕೊಟ್ಟು ಬಂದೆ.